ಕುಪ್ಪಳಿಗೆ ಹೊರಡುವ ಮುನ್ನ: ಪುಸ್ತಕವೋ, ಸಿನಿಮಾವೋ?

ಮಳೆ ನಿಂತ ಮೇಲೆ ಕುವೆಂಪು ಬೆಳೆದ ಊರಾದ ಕುಪ್ಪಳಿಗೆ ಹೋಗಬೇಕು, ಮೊದಲು ‘ಕಾನೂರು ಹೆಗ್ಗಡಿತಿ’ ಓದಲಾ, ಸಿನಿಮಾ ನೋಡಲಾ ಎಂದು ಕೇಳಿದ್ದೀರಿ. ಈಚೆಗೆ ನಾನು ಎರಡನ್ನೂ ಮುಗಿಸಿದೆ. ಎರಡೂ ಇಷ್ಟವಾದವು.

ಸಮಯ ಕಮ್ಮಿ ಇದ್ದರೆ ಸಿನಿಮಾ ಸುಲಭ, ಒಂದು ಸಂಜೆ ಸಾಕು. ಕುವೆಂಪು ಅವರ 1936ರ ಕಾದಂಬರಿಗೆ ನನಗೆ ಮೂರು ವಾರ ಬೇಕಾಯಿತು. ಆದರೆ ಕಾಡಿನ ವಾಸನೆ, ಆಳುಗಳ ಮಾತು, ಬೇಟೆನಾಯಿಗಳ ಗಲಾಟೆ ಎಲ್ಲ ಪುಸ್ತಕದಲ್ಲೇ ಜಾಸ್ತಿ. ಅದನ್ನು ಓದಿ ಹೋದರೆ ಕುಪ್ಪಳಿಯ ಗುಡ್ಡ ಕವಿಶೈಲದ ಬಂಡೆ ಮೇಲೆ ಸುಮ್ನೆ ಕೂತರೂ ಮನಸ್ಸು ತುಂಬುತ್ತದೆ.

1999ರಲ್ಲಿ ಗಿರೀಶ್ ಕಾರ್ನಾಡ್ ಮಾಡಿದ ಸಿನಿಮಾದಲ್ಲಿ ಕಾನೂರಿನ ಹೆಗ್ಗಡಿತಿ ಸುಬ್ಬಮ್ಮನ ಸಂಕಟ ನೇರವಾಗಿ ತಟ್ಟುತ್ತದೆ. ಹಳೇ ಮಲೆನಾಡ ಮನೆಯ ಬದುಕೂ ಕಣ್ಣಿಗೆ ಕಟ್ಟುತ್ತದೆ, ಕುಪ್ಪಳಿಯಲ್ಲಿ ಕುವೆಂಪು ಅವರ ಮನೆಯಾದ ಕವಿಮನೆಯೊಳಗೆ ಕಾಲಿಟ್ಟಾಗ ಅದು ನೆನಪಾಗುತ್ತದೆ ಅಲ್ವಾ?

ಈ ವಾರವೇ ಹೊರಟಿದ್ದರೆ ಸಿನಿಮಾ ನೋಡಿ. ತಿಂಗಳು ಬಿಟ್ಟು, ಎರಡು ದಿನ ಉಳಿಯುವಂತೆ ಹೋಗುವುದಾದರೆ ಪುಸ್ತಕ ಇವತ್ತೇ ಶುರು ಮಾಡಿ.