ಉಯಿಲು ಬರೆಸುವ ಸೇವೆ: ನಾವು ಹಣ ಕೊಟ್ಟದ್ದು ಪ್ರಶ್ನೆಗಳಿಗೆ

ಉಯಿಲು ಸಿದ್ಧಪಡಿಸಿಕೊಡುವ ಸಂಸ್ಥೆಯೊಂದರ ಸೇವೆಯನ್ನು ನಾನೂ ನನ್ನ ಪತ್ನಿಯೂ ಈಚೆಗೆ ಪಡೆದೆವು. ಕೊನೆಗೆ ಕೈಗೆ ಬರುವುದು ಕೆಲವೇ ಪುಟಗಳ ದಸ್ತಾವೇಜಾದ್ದರಿಂದ, ಮಾದರಿ ನಮೂನೆಯೊಂದನ್ನು ನೋಡಿಕೊಂಡು ಮನೆಯಲ್ಲೇ ಬರೆದುಕೊಳ್ಳಬಾರದೇಕೆ ಎಂದು ಹಲವರು ಕೇಳುತ್ತಾರೆ. ಬರೆದುಕೊಳ್ಳಬಹುದು. ಆದರೆ ಬರೆಯುವ ಮೊದಲು ಅಲ್ಲಿನ ವಕೀಲರು ಕೇಳಿದ ಪ್ರಶ್ನೆಗಳು ಯಾವ ನಮೂನೆಯಲ್ಲೂ ಸಿಗುವಂಥವಲ್ಲ.

ಮನೆ ಮಗಳಿಗೆ, ಬ್ಯಾಂಕಿನ ಠೇವಣಿ ಮಗನಿಗೆ ಎಂಬಂಥ ಹಂಚಿಕೆ ಬಹಳ ಕುಟುಂಬಗಳಿಗೆ ಮೊದಲು ಹೊಳೆಯುತ್ತದೆ. ಎರಡರ ಮೌಲ್ಯವೂ ಸರಿಸುಮಾರು ಒಂದೇ ಇದ್ದರೆ ಅದು ನ್ಯಾಯವಾಗಿಯೂ ಕಾಣುತ್ತದೆ. ವಕೀಲರು ನಮ್ಮ ಕರಡಿನ ಆ ಸಾಲಿನ ಪಕ್ಕದಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು, “ನಾಳೆ ನಿಮ್ಮ ಆರೈಕೆಯ ಖರ್ಚಿಗಾಗಿ ಮನೆಯನ್ನು ಮಾರಿ, ಉಳಿದ ಹಣವನ್ನು ಅದೇ ಖಾತೆಯಲ್ಲಿ ಇಟ್ಟಿರೆಂದುಕೊಳ್ಳಿ, ಆಗ ಮಗಳಿಗೆ ಏನು ಸಿಗುತ್ತದೆ?” ಎಂದು ಕೇಳಿದರು. ಉಯಿಲಿನಲ್ಲಿ ಹೆಸರಿಸಿದ ನಿರ್ದಿಷ್ಟ ಆಸ್ತಿಯು ಮರಣಕಾಲದಲ್ಲಿ ಬರೆದವರ ಬಳಿ ಇಲ್ಲದಿದ್ದರೆ ಆ ದಾನವೇ ಬಿದ್ದುಹೋಗುತ್ತದೆ ಎಂಬುದು ಹಲವು ದೇಶಗಳ ಕಾನೂನು. ಹಾಗಾದಾಗ ಮಗನಿಗೆ ಎಲ್ಲವೂ, ಮಗಳಿಗೆ ಬರಿಗೈಯೂ ಉಳಿದು, ತಂದೆತಾಯಿಯರು ಕನಸಿನಲ್ಲೂ ಬಯಸದ ವೈಮನಸ್ಯ ಒಡಹುಟ್ಟಿದವರ ನಡುವೆ ಬೆಳೆಯುತ್ತದೆ. ಕೊನೆಗೆ ಆಸ್ತಿಗಳ ಹೆಸರಿನ ಬದಲು, ಸಾಲಗಳೆಲ್ಲ ತೀರಿದ ಮೇಲೆ ಉಳಿಯುವ ಒಟ್ಟು ಮೌಲ್ಯದಲ್ಲಿ ಸಮಪಾಲು ಎಂದೂ, ಮನೆ ಆಗ ಉಳಿದಿದ್ದರೆ ಅದನ್ನು ತನ್ನ ಪಾಲಿನ ಲೆಕ್ಕಕ್ಕೆ ತೆಗೆದುಕೊಳ್ಳುವ ಮೊದಲ ಅವಕಾಶ ಮಗಳಿಗೆ ಎಂದೂ ಬರೆಸಿದೆವು. ಈ ಒಂದು ತಿದ್ದುಪಡಿಗಾಗಿಯೇ ಅವರಿಗೆ ಕೊಟ್ಟ ಶುಲ್ಕ ಸಾರ್ಥಕವೆಂದು ನನ್ನ ಅಭಿಪ್ರಾಯ.

ಪಾಲುದಾರರಲ್ಲಿ ಒಬ್ಬರು ನಮಗಿಂತ ಮೊದಲೇ ತೀರಿಕೊಂಡರೆ ಆ ಪಾಲು ಅವರ ಮಕ್ಕಳಿಗೋ, ಉಳಿದವರಿಗೋ ಎಂಬುದನ್ನೂ ಕೇಳಿ ಬರೆದುಕೊಂಡರು. ಸಾಕ್ಷಿ ಹಾಕುವವರು ಪಾಲು ಪಡೆಯುವವರಾಗಿರಬಾರದು ಎಂಬ ಎಚ್ಚರಿಕೆ ಲಿಖಿತವಾಗಿಯೇ ಬಂದಿತು. ವಿಮೆ ಮತ್ತು ನಿವೃತ್ತಿ ನಿಧಿಯ ಪತ್ರಗಳಲ್ಲಿರುವ ನಾಮಿನಿಯ ಹೆಸರುಗಳನ್ನು ಉಯಿಲಿನೊಂದಿಗೆ ತಾಳೆ ನೋಡಿಸಿದ್ದು ನಿಜಕ್ಕೂ ಮೆಚ್ಚತಕ್ಕ ಕೆಲಸ. ನಾಮಿನಿಯೇ ಒಡೆಯನೋ, ವಾರಸುದಾರರ ಪರವಾಗಿ ಹಣ ಪಡೆಯುವವನೋ ಎಂಬ ನಿಯಮ ದೇಶದಿಂದ ದೇಶಕ್ಕೆ ಬೇರೆಯಾಗಿರುವುದರಿಂದ, ಎರಡು ಕಡೆ ಎರಡು ಹೆಸರಿದ್ದರೆ ವ್ಯಾಜ್ಯಕ್ಕೆ ದಾರಿಯಾಗುತ್ತದೆ.

ಮೂಲ ಪ್ರತಿ ಎಲ್ಲಿರುತ್ತದೆ, ಅದು ಯಾರಿಗೆ ಗೊತ್ತಿರುತ್ತದೆ ಎಂಬುದನ್ನೂ ಅವರು ದಾಖಲಿಸಿದರು. ಇದು ಸಣ್ಣ ವಿಷಯವಲ್ಲ. ಗಾಯಕಿ ಅರೀಥಾ ಫ್ರ್ಯಾಂಕ್ಲಿನ್ 2018ರಲ್ಲಿ ತೀರಿಕೊಂಡಾಗ ಅವರ ಉಯಿಲು ಇಲ್ಲವೆಂದೇ ಭಾವಿಸಲಾಗಿತ್ತು. ಮರುವರ್ಷ, ಬೀಗ ಹಾಕಿದ ಕಪಾಟಿನಲ್ಲಿ 2010ರದೊಂದು, ಸೋಫಾದ ಮೆತ್ತೆಯ ಕೆಳಗಿನ ನೋಟ್‌ಪುಸ್ತಕದಲ್ಲಿ 2014ರದೊಂದು ಕೈಬರಹದ ಉಯಿಲು ಸಿಕ್ಕಿತು. ಯಾವುದು ಸಿಂಧು ಎಂದು ಮಕ್ಕಳೇ ಎದುರುಬದುರಾಗಿ ನಿಂತರು. ಎರಡನೆಯದೇ ಸಿಂಧುವೆಂದು ಜ್ಯೂರಿ ತೀರ್ಮಾನಿಸಿದ್ದು 2023ರಲ್ಲಿ.

ಆಕ್ಷೇಪಿಸಬೇಕಾದ ಸಂಗತಿಯೂ ಇದೆ. ಉಯಿಲನ್ನು ಜಾರಿಗೆ ತರುವವರ ಹೆಸರು ಬರೆಯುವ ಕಡೆ ಸಂಸ್ಥೆಯು ತನ್ನ ಹೆಸರನ್ನೇ ಮೊದಲೇ ಅಚ್ಚುಹಾಕಿಸಿದೆ. ಆ ಕೆಲಸಕ್ಕೆ ಆಸ್ತಿಯ ಒಟ್ಟು ಮೌಲ್ಯದ ಮೇಲೆ ಶೇಕಡಾವಾರು ಶುಲ್ಕ ಹಿಡಿಯಲಾಗುತ್ತದೆ ಎಂಬ ಮಾತಿರುವುದು ಕೊನೆಯ ಪುಟದ ಸಣ್ಣಕ್ಷರದಲ್ಲಿ. ಕೇಳಿದ ತಕ್ಷಣ ಹೆಸರನ್ನು ತೆಗೆದರೆಂಬುದು ನಿಜ. ಆದರೆ ಕೇಳದವರ ಗತಿಯೇನು? ಮರಣಾನಂತರ ಈ ಹೊರೆ ಬೀಳುವುದು ಮಕ್ಕಳ ಮೇಲೆ. ನಂಬಿಕೆಯೇ ಬಂಡವಾಳವಾಗಿರುವ ಕಸುಬಿನಲ್ಲಿ ಆ ಜಾಗ ಖಾಲಿಯಾಗಿಯೇ ಇರಬೇಕು. ಇಮೇಲ್, ಫೋಟೊ ಸಂಗ್ರಹ, ಆನ್‌ಲೈನ್ ಖಾತೆಗಳ ಬಗ್ಗೆಯೂ ಅವರು ಏನೂ ಕೇಳಲಿಲ್ಲ; ಆ ಪಟ್ಟಿಯನ್ನು ನಾವೇ ಮಾಡಿ ಪ್ರತ್ಯೇಕವಾಗಿ ಇಟ್ಟಿದ್ದೇವೆ.

ಒಂದೇ ದೇಶದಲ್ಲಿ ಆಸ್ತಿಯಿದ್ದು, ಬದುಕಿರುವಾಗಲೇ ಮಕ್ಕಳೊಂದಿಗೆ ಮಾತನಾಡಲು ಸಿದ್ಧರಿರುವವರಿಗೆ ಈ ಬಗೆಯ ಸೇವೆಯನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಬೇರೆ ದೇಶದಲ್ಲೂ ಮನೆ ಅಥವಾ ಜಮೀನು ಇರುವವರು ಅಲ್ಲಿನ ವಕೀಲರನ್ನೂ ಕಾಣಬೇಕು. ಉದಾಹರಣೆಗೆ ಫ್ರಾನ್ಸಿನ ಕಾನೂನು ಅನ್ವಯಿಸುವಲ್ಲಿ, ಒಂದೇ ಮಗುವಿದ್ದರೆ ಆಸ್ತಿಯ ಅರ್ಧ, ಇಬ್ಬರಿದ್ದರೆ ಮೂರರಲ್ಲಿ ಎರಡು ಪಾಲು, ಮೂವರು ಅಥವಾ ಹೆಚ್ಚಿದ್ದರೆ ನಾಲ್ಕರಲ್ಲಿ ಮೂರು ಪಾಲು ಮಕ್ಕಳಿಗೇ ಮೀಸಲು. ಉಯಿಲಿನ ಮಾತು ನಡೆಯುವುದು ಉಳಿದ ಭಾಗದ ಮೇಲೆ ಮಾತ್ರ.