ಶ್ವಾಸಕೋಶ ಕುಗ್ಗಿದಾಗ: ಕಾಯುವುದಾ, ಟ್ಯೂಬ್ ಹಾಕಿಸುವುದಾ?

ನ್ಯೂಮೋಥೊರಾಕ್ಸ್‌ನಲ್ಲಿ ಶ್ವಾಸಕೋಶಕ್ಕೂ ಎದೆಗೂಡಿಗೂ ನಡುವೆ ಗಾಳಿ ಸೇರಿ, ಶ್ವಾಸಕೋಶ ಅಷ್ಟಿಷ್ಟು ಕುಗ್ಗುತ್ತದೆ. ಬೇರೆ ಶ್ವಾಸಕೋಶದ ಕಾಯಿಲೆ ಇಲ್ಲ, ಉಸಿರಾಟವೂ ಆರಾಮಾಗಿದೆ ಅಂದರೆ, ಡಾಕ್ಟರ್ ಒಪ್ಪಿದರೆ, ನನ್ನ ವೋಟು ಕಾಯುವುದಕ್ಕೇ. ಗಾಳಿಯನ್ನು ದೇಹವೇ ನಿಧಾನಕ್ಕೆ ಹೀರಿಕೊಳ್ಳುತ್ತದೆ. 2020ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾ-ನ್ಯೂಜಿಲೆಂಡ್ ಅಧ್ಯಯನದಲ್ಲಿ ಹೀಗೆ ಕಾದ ಹೆಚ್ಚಿನವರ ಶ್ವಾಸಕೋಶ 8 ವಾರದೊಳಗೆ ಮತ್ತೆ ಹಿಗ್ಗಿತ್ತು. ಆದರೆ ಸುಮ್ನೆ ಮನೆಯಲ್ಲಿ ಕೂತರೆ ಆಗಲ್ಲ, ಹೇಳಿದಾಗೆಲ್ಲ ಎಕ್ಸ್‌ರೇ ತೆಗೆಸಬೇಕು.

ಆ ಗಾಳಿಯನ್ನು ಹೊರತೆಗೆಯುವ ಟ್ಯೂಬ್ ಆದರೆ ಕೆಲಸ ಬೇಗ. ಮರಗಟ್ಟಿಸಿ ಪಕ್ಕೆಲುಬುಗಳ ನಡುವೆ ತೂರಿಸುತ್ತಾರೆ, ಇನ್ನೊಂದು ತುದಿ ನೀರಿನ ಬಾಟಲಿಯಲ್ಲಿ, ಕೆಮ್ಮಿದರೆ ಅಲ್ಲಿ ಗುಳ್ಳೆ ಏಳುತ್ತದೆ. ನೋವು ಜಾಸ್ತಿ, ಸೋಂಕಿನ ಭಯ, ಆಸ್ಪತ್ರೆ ವಾಸ ಬೇರೆ.

ಉಸಿರು ಕಟ್ಟುತ್ತಿದ್ದರೆ, ತುಟಿ ನೀಲಿಯಾದರೆ ಆಯ್ಕೆಯ ಮಾತೇ ಇಲ್ಲ, ತಕ್ಷಣ ಆಸ್ಪತ್ರೆಗೆ ಓಡಿ. ಯಾವ ದಾರಿ ಹಿಡಿದರೂ ಪೂರ್ತಿ ವಾಸಿಯಾಗಿದೆ ಅಂತ ಡಾಕ್ಟರ್ ಹೇಳುವವರೆಗೆ ವಿಮಾನ ಹತ್ತಬೇಡಿ, ಸಿಗರೇಟಂತೂ ಮುಟ್ಟಲೇಬೇಡಿ.