ಬಕಲ್ ಇಲ್ಲದ ಜಾಕೆಟ್ ಹಾಕಿಕೊಂಡು ಕಾಳಿ ನದಿಗೆ ಇಳಿದೆವು

ದಾಂಡೇಲಿ ಕಡೆ ರಾಫ್ಟಿಂಗ್‌ಗೆ, ಅಂದರೆ ಗಾಳಿ ತುಂಬಿದ ರಬ್ಬರ್ ದೋಣಿಯಲ್ಲಿ ಹೊಳೆ ಇಳಿಯಲು, ಹೋಗುವ ಯೋಚನೆ ಇರುವವರು ಇದನ್ನು ಒಮ್ಮೆ ಓದಿ. ಹೋಗಲೇಬೇಡಿ ಅಂತ ಹೇಳುತ್ತಿಲ್ಲ. ಅಲ್ಲಿ ಅಚ್ಚುಕಟ್ಟಾಗಿ ರಾಫ್ಟಿಂಗ್ ಮಾಡಿಸುವವರೂ ಇದ್ದಾರೆ, ಅವರಲ್ಲೇ ಇಬ್ಬರಿಂದ ನನ್ನ ಗೆಳೆಯ ಇವತ್ತು ಬದುಕಿದ್ದಾನೆ. ನಾವು ಹೋದ ಹಾಗೆ ಹೋಗಬೇಡಿ, ಅಷ್ಟೇ.

ಕಳೆದ ಡಿಸೆಂಬರ್ ಮಾತು. ಐದು ಜನ, ಎಲ್ಲರೂ ಕಾಲೇಜು ದಿನಗಳ ಗೆಳೆಯರು. ಬೆಂಗಳೂರಿನಿಂದ ರಾತ್ರಿಯಿಡೀ ಕಾರು ಓಡಿಸಿಕೊಂಡು ಹೋಗಿ ಬೆಳಿಗ್ಗೆ ಗಣೇಶಗುಡಿ ಹತ್ತಿರದ ಒಂದು ಹೋಂಸ್ಟೇ ಸೇರಿದೆವು. ರೂಮು, ಊಟ, ಕ್ಯಾಂಪ್‌ಫೈರ್, ರಾಫ್ಟಿಂಗ್ ಎಲ್ಲ ಸೇರಿ ಒಂದೇ ಪ್ಯಾಕೇಜ್. ಬುಕ್ ಮಾಡುವ ಮುಂಚೆ ಫೋನ್ ಮಾಡಿ ಏನೇನು ವಿಚಾರಿಸಿದ್ದೆವು ಗೊತ್ತಾ? ರಾತ್ರಿ ಊಟಕ್ಕೆ ಮೀನು ಸಿಗುತ್ತದಾ, ಬಿಸಿನೀರು ಎಷ್ಟು ಗಂಟೆಯವರೆಗೆ ಬರುತ್ತದೆ, ಸ್ಪೀಕರ್ ಹಾಕಿಕೊಳ್ಳಬಹುದಾ. ರಾಫ್ಟಿಂಗ್ ಮಾಡಿಸುವವರು ಯಾರು ಅಂತ ಒಬ್ಬನೂ ಕೇಳಲಿಲ್ಲ.

ಈ ಹೊಳೆಯ ಸ್ವಭಾವ ಸ್ವಲ್ಪ ಹೇಳಬೇಕು. ಗಣೇಶಗುಡಿಯಲ್ಲಿ ಸೂಪಾ ಅಣೆಕಟ್ಟು ಇದೆ. 101 ಮೀಟರ್ ಎತ್ತರ, ಬುಡದಲ್ಲಿ ಪವರ್ ಹೌಸ್, 50 ಮೆಗಾವ್ಯಾಟ್‌ನ ಎರಡು ಯೂನಿಟ್. ರಾಫ್ಟಿಂಗ್ ನಡೆಯುವುದು ಅದರ ಕೆಳಗಿನ ಹೊಳೆಯಲ್ಲಿ. ಹಾಗಾಗಿ ಅಲ್ಲಿನ ನೀರು ಮಳೆಯನ್ನು ನಂಬಿದ್ದಲ್ಲ, ಕರೆಂಟನ್ನು ನಂಬಿದ್ದು. ಟರ್ಬೈನ್ ತಿರುಗಿದರೆ ಹೊಳೆ ತುಂಬುತ್ತದೆ, ನಿಂತರೆ ಬಂಡೆಗಳು ಮೇಲೆ ಬರುತ್ತವೆ. ಮಳೆ ಇಲ್ಲದ ತಿಂಗಳುಗಳಲ್ಲೂ ರಾಫ್ಟಿಂಗ್ ನಡೆಯುವುದು ಇದರಿಂದಲೇ. ಬೆಳಿಗ್ಗೆ ನಾವು ಕಾಲು ಇಳಿಬಿಟ್ಟು ಫೋಟೋ ತೆಗೆಸಿಕೊಂಡ ಬಂಡೆ ಮಧ್ಯಾಹ್ನ ಹೋದಾಗ ಕಾಣಲೇ ಇಲ್ಲ. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. 'ನೀರು ಜಾಸ್ತಿ ಆಗಿದೆಯಲ್ಲಪ್ಪಾ' ಅಂದರೆ ಹೋಂಸ್ಟೇ ಹುಡುಗ, 'ಬಿಟ್ಟಿದ್ದಾರೆ ಸರ್, ಈಗಲೇ ಮಜಾ' ಅಂದ.

ಆ ಹೊತ್ತಿಗೆ ನಮ್ಮ ಗುಂಡ ಎರಡು ಬಿಯರ್ ಮುಗಿಸಿದ್ದ. (ಹೆಸರು ಗುಂಡ ಅಲ್ಲ, ಆಕಾರ ಹಾಗಿದೆ.) ಕುಡಿದಿದ್ದೀರಾ ಅಂತ ದಡದಲ್ಲಿ ಯಾರೂ ಕೇಳಲಿಲ್ಲ. ನಾವೂ ಹೇಳಲಿಲ್ಲ.

ದಡದಲ್ಲಿ ಲೈಫ್ ಜಾಕೆಟ್‌ಗಳ ರಾಶಿ. ನನಗೆ ಸಿಕ್ಕಿದ್ದಕ್ಕೆ ಎಡಗಡೆ ಬಕಲ್ ಇರಲಿಲ್ಲ, ಹಸಿರು ನೈಲಾನ್ ದಾರ ಕಟ್ಟಿದ್ದರು. ತೋರಿಸಿದೆ. 'ಏನೂ ಆಗಲ್ಲ ಸರ್, ಗಟ್ಟಿ ಇದೆ' ಅಂತ ಜಾಕೆಟ್ ಕೊಡುತ್ತಿದ್ದವನು ಇನ್ನೊಂದು ಗಂಟು ಹಾಕಿಕೊಟ್ಟ. ಬೇರೆ ಕೊಡಿ ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಗುಂಡ, 'ಬಾರೋ, ಮದುವೆಗೆ ಕೋಟ್ ಹೊಲಿಸ್ತಿದ್ದೀಯಾ' ಅಂದ. ಎಲ್ಲರೂ ನಕ್ಕರು. ನಾನೂ ನಕ್ಕು ರಾಫ್ಟ್ ಹತ್ತಿದೆ.

ಎಂಟು ಜನ ಹಿಡಿಯುವ ರಾಫ್ಟ್. ನಾವು ಐದು, ಬೇರೆ ಊರಿನ ಇನ್ನೊಂದು ಗುಂಪಿನವರು ಆರು, ಜೊತೆಗೆ ಗೈಡ್. 'ಇದೇ ಕೊನೇ ಟ್ರಿಪ್, ಅಡ್ಜಸ್ಟ್ ಮಾಡ್ಕೊಳ್ಳಿ' ಅಂದರು. ಅಂಚಿನಲ್ಲಿ ಕೂತವರಿಗೆ ಕಾಲು ಸಿಕ್ಕಿಸಿಕೊಳ್ಳಲು ಜಾಗ ಇರುತ್ತದೆ, ನಡುವೆ ಕೂತವರಿಗೆ ಏನೂ ಇಲ್ಲ, ಸಾಮಾನಿನ ಮೂಟೆ ಥರ. ಪಕ್ಕದಲ್ಲಿ ಕಯಾಕ್ ಅನ್ನುವ ಸಣ್ಣ ದೋಣಿಯಲ್ಲಿ ಬರುವ ರಕ್ಷಣೆಯ ಹುಡುಗರು ಬೇರೆಯವರ ರಾಫ್ಟ್‌ಗಳ ಜೊತೆ ಇದ್ದರು. ನಮ್ಮ ಜೊತೆ ಇರಲಿಲ್ಲ.

ಇನ್ನು, ನನ್ನ ನಿದ್ದೆ ಕೆಡಿಸುವ ಭಾಗ. ಗೈಡ್ ಹಿಂದಿಯಲ್ಲಿ ಎರಡು ನಿಮಿಷ ಮಾತಾಡಿದ. ನಮ್ಮಲ್ಲೊಬ್ಬ ಅರಸೀಕೆರೆ ಕಡೆಯ ಹಳ್ಳಿಯಲ್ಲಿ ಶಾಲೆ ಮೇಷ್ಟ್ರು, ಹಿಂದಿ ಅಷ್ಟಕ್ಕಷ್ಟೇ. 'ಏನಂತೋ?' ಅಂತ ನನ್ನ ಕಡೆ ತಿರುಗಿದ. 'ಏನಿಲ್ಲ ಕಣೋ, ಫಾರ್ವರ್ಡ್ ಅಂದಾಗ ಹುಟ್ಟು ಹಾಕು, ಸ್ಟಾಪ್ ಅಂದಾಗ ನಿಲ್ಲಿಸು' ಅಂದೆ. ಗೈಡ್ ಇನ್ನೊಂದು ಮಾತನ್ನೂ ಹೇಳಿದ್ದ. ನೀರಿಗೆ ಬಿದ್ದರೆ ಎದ್ದು ನಿಲ್ಲಬೇಡಿ, ಅಂಗಾತ ತೇಲಿ, ಎರಡೂ ಕಾಲು ಮುಂದೆ, ನೀರು ಹರಿಯುವ ದಿಕ್ಕಿಗೆ, ಬೆರಳು ನೀರಿನ ಮೇಲೆ ಕಾಣುವ ಹಾಗೆ. ಅದನ್ನು ನಾನು ಮೇಷ್ಟ್ರಿಗೆ ಹೇಳಲಿಲ್ಲ. ಬೇಕಂತ ಬಿಟ್ಟಿದ್ದಲ್ಲ. ಬಾವಿಯಲ್ಲಿ ಈಜು ಕಲಿತವನು, ಇವನಿಗೇನು ಹೇಳುವುದು ಅನ್ನಿಸಿತು.

ಬಂಡೆಗಳ ನಡುವೆ ನೀರು ರಭಸದಿಂದ ಧುಮುಕುವ ಮೊದಲ ಎರಡು ಇಳಿತ ಚೆನ್ನಾಗಿಯೇ ಆಯಿತು. ಕಿರುಚಿದೆವು, ನೆನೆದೆವು. ಮೂರನೆಯದರಲ್ಲಿ ರಾಫ್ಟ್ ಅಡ್ಡ ತಿರುಗಿತು. ಗೈಡ್ ಕೂಗುತ್ತಿದ್ದ, ಅರ್ಧ ಜನ ಮುಂದಕ್ಕೆ ಹುಟ್ಟು ಹಾಕಿದರು, ಅರ್ಧ ಜನ ಹಿಂದಕ್ಕೆ. ಒಂದು ಬಂಡೆಗೆ ಪಕ್ಕೆ ಕೊಟ್ಟು ರಾಫ್ಟ್ ನಿಂತುಬಿಟ್ಟಿತು. ಹಾಗೆ ನಿಂತಾಗ ಎಲ್ಲರೂ ಬಂಡೆಯ ಕಡೆಗೇ ಮೈ ಎಸೆಯಬೇಕಂತೆ. ಮನುಷ್ಯನ ಮೈ ಅದನ್ನು ತಾನಾಗಿ ಮಾಡುವುದಿಲ್ಲ, ಬಂಡೆ ಕಂಡರೆ ಹಿಂದಕ್ಕೆ ಸರಿಯುತ್ತದೆ. ಹನ್ನೊಂದು ಜನವೂ ಹಿಂದಕ್ಕೆ ಸರಿದೆವು. ನೀರು ಬರುತ್ತಿದ್ದ ಕಡೆಯ ಅಂಚು ಮುಳುಗಿತು, ಹೊಳೆ ಒಳಗೆ ಹತ್ತಿತು, ರಾಫ್ಟ್ ರೊಟ್ಟಿ ಮಗುಚಿದ ಹಾಗೆ ಮಗುಚಿತು.

ನಾನು ಅದರ ಕೆಳಗೆ. ಕತ್ತಲು. ಮೇಲೆ ಬರಲು ಹೋದರೆ ತಲೆಗೆ ರಬ್ಬರ್ ಬಡಿಯುತ್ತಿತ್ತು. ಹಸಿರು ದಾರ ಎಲ್ಲಿ ಕಿತ್ತುಹೋಯಿತೋ, ಜಾಕೆಟ್ ಮೇಲಕ್ಕೆ ಸರಿದು ಮುಖ ಮುಚ್ಚಿಕೊಂಡಿತು. ನನ್ನನ್ನು ತೇಲಿಸಬೇಕಾದದ್ದೇ ಮೂಗು ಬಾಯಿ ಒತ್ತಿ ಹಿಡಿದಿತ್ತು. ಯಾರದೋ ಮೊಣಕಾಲು ಎದೆಗೆ ಬಿತ್ತು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಡಕಾಡಿದೆ. ಅಂಗೈಗಳನ್ನು ರಬ್ಬರಿಗೆ ಒತ್ತಿಕೊಂಡು ಒಂದೇ ದಿಕ್ಕಿಗೆ ಸಾಗಿದರೆ ಬೇಗ ಹೊರಗೆ ಬರಬಹುದು ಅಂತ ಆಮೇಲೆ ತಿಳಿಯಿತು. ನಾನು ಹೇಗೆ ಹೊರಗೆ ಬಂದೆ ಅಂತ ಈಗಲೂ ಗೊತ್ತಿಲ್ಲ. ನೆನಪಿರುವುದು ಬೆಳಕು, ಕೆಮ್ಮು, ಕಿವಿಯವರೆಗೆ ಏರಿದ್ದ ಜಾಕೆಟ್ಟನ್ನು ಎರಡೂ ಕೈಯಲ್ಲಿ ಕೆಳಕ್ಕೆ ಎಳೆದು ಹಿಡಿದದ್ದು. ಹಿಂದಿನ ರಾಫ್ಟ್‌ನವರು, ಅಂದರೆ ಬೇರೆ ಕ್ಯಾಂಪಿನವರು, ಹಗ್ಗ ಎಸೆದರು. ಮಣಿಕಟ್ಟಿಗೆ ಸುತ್ತಿಕೊಳ್ಳಲು ಹೋದೆ. 'ಕೈಗೆ ಸುತ್ತಬ್ಯಾಡ್ರೀ, ಎದಿಗೆ ಹಿಡ್ಕೊಂಡು ಅಂಗಾತ ಆಗ್ರೀ' ಅಂತ ಕೂಗಿದರು. ಸುತ್ತಿಕೊಂಡರೆ ಬೇಕಾದಾಗ ಬಿಡಲು ಆಗುವುದಿಲ್ಲ.

ದಡದಿಂದ ತಿರುಗಿ ನೋಡಿದರೆ ಮೇಷ್ಟ್ರು ಹೊಳೆಯ ಮಧ್ಯೆ ನಿಂತಿದ್ದಾನೆ. ನೀರು ಬರೀ ಸೊಂಟದವರೆಗೆ. ಅಬ್ಬಾ, ಇವನು ಬಚಾವ್ ಅಂದುಕೊಂಡೆ. ಆಮೇಲೆ ನೋಡಿದರೆ ಅವನು ನಿಂತಿರಲಿಲ್ಲ, ಸಿಕ್ಕಿಕೊಂಡಿದ್ದ. ತೇಲುತ್ತಾ ಬಂದವನು ನೆಲ ಸಿಕ್ಕಿತು ಅಂತ ಕಾಲೂರಿದ್ದಾನೆ. ಎಡಪಾದ ಎರಡು ಕಲ್ಲುಗಳ ಸಂದಿಗೆ ಇಳಿದಿದೆ. ಹಿಂದಿನಿಂದ ನೀರು ಬೆನ್ನಿಗೆ ಗುದ್ದುತ್ತಿದೆ. ಪಾದ ಅಲ್ಲೇ, ಮೈ ಮುಂದಕ್ಕೆ ಬಾಗುತ್ತಿದೆ. ಎರಡೂ ಕೈ ಮೊಣಕಾಲಿಗೆ ಊರಿ ಮುಖವನ್ನು ನೀರಿನಿಂದ ಮೇಲೆ ಹಿಡಿಯಲು ನೋಡುತ್ತಿದ್ದಾನೆ. ಒಂದೊಂದು ಸಲ ಮುಖ ಮುಳುಗುತ್ತಿತ್ತು. ನಾವು ದಡದಲ್ಲಿ ನಿಂತು 'ಹೆದರಬೇಡ ಮಗಾ' ಅಂತ ಕೂಗುತ್ತಿದ್ದೆವು. ಎಂಥ ಉಪಯೋಗ.

ಆ ಬೇರೆ ಕ್ಯಾಂಪಿನ ಇಬ್ಬರು ಹುಡುಗರು ಮೇಲಿನ ಬಂಡೆಯಿಂದ ಹಗ್ಗ ಹಿಡಿದು ಅವನ ಹಿಂದಕ್ಕೆ ಇಳಿದರು. ಒಬ್ಬ ಬೆನ್ನ ಹಿಂದೆ ಗೋಡೆಯಂತೆ ನಿಂತು ನೀರಿನ ಹೊಡೆತ ತಡೆದ. ಇನ್ನೊಬ್ಬ ಮುಳುಗಿ ಪಾದವನ್ನು ಹಿಂದಕ್ಕೆ, ನೀರು ಬರುವ ಕಡೆಗೆ ಎಳೆದ. ಹೋದ ದಾರಿಯಲ್ಲೇ ಅದು ವಾಪಸ್ ಬರಬೇಕು, ಮುಂದಕ್ಕೆ ಎಳೆದಷ್ಟೂ ಬಿಗಿಯುತ್ತದೆ. ನಾವು ಯಾರಾದರೂ ಹಾರಿ ಕೈ ಹಿಡಿದು ಎಳೆದಿದ್ದರೆ ಅದನ್ನೇ ಮಾಡುತ್ತಿದ್ದೆವು. ಎಷ್ಟು ಹೊತ್ತಾಯಿತೋ ಹೇಳಲಾರೆ. ಐದು ನಿಮಿಷ ಇರಬಹುದು. ಮೇಷ್ಟ್ರನ್ನು ಕೇಳಿದರೆ ಒಂದು ಪೀರಿಯಡ್ ಅನ್ನುತ್ತಾನೆ.

ನೀರಿನ ಆಳ ನೋಡಿ ಅಪಾಯ ಅಳೆಯುತ್ತೇವಲ್ಲ, ಅದು ಕೆರೆಯ ಲೆಕ್ಕ. ಹರಿಯುವ ಹೊಳೆಯಲ್ಲಿ ಮೊಣಕಾಲುದ್ದದ ನೀರೂ ಸಾಕು. ಈಜು ಬರುತ್ತದೆ ಅನ್ನುವ ಧೈರ್ಯವೇ ಅವನನ್ನು ಎದ್ದು ನಿಲ್ಲಿಸಿತು. ಈಜು ಬಾರದ ಗುಂಡ ಸುಮ್ನೆ ಅಂಗಾತ ಬಿದ್ದುಕೊಂಡು ತೇಲಿ, ಒಂದು ಗೀರೂ ಇಲ್ಲದೆ ದಡ ಸೇರಿದ. ಅವನ ಹೆಲ್ಮೆಟ್ ಮಾತ್ರ ಹಿಂದೆ ಬಿರುಕು ಬಿಟ್ಟಿತ್ತು.

ಮುಂದಿನದು ಬೇರೆ ಥರದ ಫಜೀತಿ. ನಮ್ಮನ್ನು ಕರೆದೊಯ್ದವರ ಫಸ್ಟ್ ಏಡ್ ಡಬ್ಬಿಯಲ್ಲಿ ಹತ್ತಿ ಮತ್ತು ಅರ್ಧ ಬಾಟಲಿ ಟಿಂಚರ್ ಇತ್ತು. ಆಸ್ಪತ್ರೆಗೆ ಹೋಗೋಣ ಅಂದರೆ ಕಾರಿನ ಕೀ ನನ್ನ ಚಡ್ಡಿ ಜೇಬಿನಲ್ಲಿತ್ತು, ಈಗ ಅದು ಕಾಳಿ ನದಿಯಲ್ಲಿದೆ. ದಯವಿಟ್ಟು ಕೀ ದಡದಲ್ಲಿ ಯಾರ ಕೈಯಲ್ಲಾದರೂ ಕೊಟ್ಟು ಹೋಗಿ. ಹೋಂಸ್ಟೇ ಜೀಪಿನಲ್ಲಿ ದಾಂಡೇಲಿಗೆ ಹೋಗಿ ಎಕ್ಸ್‌ರೇ ತೆಗೆಸಿದೆವು. ಹಿಮ್ಮಡಿ ಗಂಟಿನ ಎರಡು ಕಡೆ ಮೂಳೆ ಮುರಿದಿತ್ತು. ಮರುದಿನ ಹುಬ್ಬಳ್ಳಿಯಲ್ಲಿ ಆಪರೇಷನ್, ಒಂದು ಪ್ಲೇಟು, ಸ್ಕ್ರೂಗಳು.

ಖರ್ಚಿನ ಮಾತು ಎತ್ತಿದಾಗ ಹೋಂಸ್ಟೇಯವರು 'ರಾಫ್ಟಿಂಗ್‌ನವರನ್ನು ಕೇಳಿ, ಅವರು ಬೇರೆ' ಅಂದರು. ರಾಫ್ಟಿಂಗ್‌ನವರು ನಾವು ಸಹಿ ಮಾಡಿದ ಫಾರಂ ತೋರಿಸಿದರು. ಏನೇ ಆದರೂ ನಮ್ಮದೇ ಹೊಣೆ ಅಂತ ಇಂಗ್ಲಿಷಿನಲ್ಲಿ ಒಂದು ಪುಟ. ಬೇಗ ಮುಗಿಯಲಿ ಅಂತ ಐದೂ ಜನರ ಸಹಿ ನಾನೇ ಹಾಕಿದ್ದೆ, ಐದು ಥರದ ಕೈಬರಹದಲ್ಲಿ. ದುಡ್ಡು ಹೋಗಿದ್ದು ಹೋಂಸ್ಟೇಯವರ ಫೋನ್ ನಂಬರಿಗೆ. ರಾಫ್ಟಿಂಗ್‌ಗೆ ರಸೀದಿ ಇಲ್ಲ, ವಿಮೆ ಇದೆಯಾ ಅಂದರೆ ಉತ್ತರ ಇಲ್ಲ.

ಈಗ ಯಾರಾದರೂ ಹೋಗುತ್ತೇವೆ ಅಂದರೆ ನಾನು ಇಷ್ಟು ಹೇಳುತ್ತೇನೆ. ರಾಫ್ಟಿಂಗ್ ಯಾರದ್ದು, ಅನುಮತಿ ಇದೆಯಾ, ವಿಮೆ ಇದೆಯಾ ಅಂತ ದುಡ್ಡು ಕಳಿಸುವ ಮುಂಚೆ ಕೇಳಿ. ಜಾಕೆಟ್ ಹಾಕಿಕೊಂಡ ಮೇಲೆ ಗೆಳೆಯನಿಗೆ ಹೇಳಿ ಎರಡೂ ಹೆಗಲ ಪಟ್ಟಿ ಹಿಡಿದು ಮೇಲಕ್ಕೆ ಎಳೆಸಿ. ಗದ್ದ ದಾಟಿ ಮೇಲೆ ಬಂದರೆ ಅದು ನಿಮ್ಮದಲ್ಲ, ಬೇರೆ ತೆಗೆದುಕೊಳ್ಳಿ. ನಿಮ್ಮ ಗುಂಪಿನಲ್ಲೂ ಒಬ್ಬ ಗುಂಡ ಇರುತ್ತಾನೆ, ನಗುತ್ತಾನೆ, ನಗಲಿ. ಜನ ತುಂಬಿಸುತ್ತಿದ್ದರೆ ಇಳಿದುಬಿಡಿ, ಜೊತೆಗೆ ಇನ್ನೊಂದು ರಾಫ್ಟ್ ಅಥವಾ ಕಯಾಕ್ ಇಲ್ಲದಿದ್ದರೂ ಇಳಿದುಬಿಡಿ. ಗೈಡ್ ಹೇಳಿದ್ದು ಅರ್ಥವಾಗದವರು ಒಬ್ಬರಿದ್ದರೂ ಕನ್ನಡದಲ್ಲಿ ಮತ್ತೆ ಹೇಳಿಸಿ, ಪೂರ್ತಿ ಹೇಳಿಸಿ.

ಮೇಷ್ಟ್ರು ಈಗ ನಡೆಯುತ್ತಾನೆ, ಶಾಲೆಗೆ ಹೋಗುತ್ತಾನೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಲು ಇನ್ನೂ ಆಗುವುದಿಲ್ಲ. ಗೈಡ್ ಏನು ಹೇಳಿದ್ದ ಅನ್ನುವುದನ್ನು ಆಸ್ಪತ್ರೆಯಲ್ಲೇ ಅವನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಬಿಡು, ನನಗೂ ಕೇಳಬೇಕು ಅನ್ನಿಸಲಿಲ್ಲ' ಅಂದ.

ಮೂರು ವಾರ ಕಳೆದ ಮೇಲೆ ಹೋಂಸ್ಟೇಯಿಂದ ವಾಟ್ಸಾಪ್ ಬಂತು. ಐದು ಸ್ಟಾರ್ ಕೊಡಿ ಸರ್ ಅಂತ, ಜೊತೆಗೆ ರಾಫ್ಟ್ ಹತ್ತುವ ಮುಂಚೆ ತೆಗೆದ ನಮ್ಮ ಫೋಟೋ. ದೊಡ್ಡದು ಮಾಡಿ ನೋಡಿದೆ. ನನ್ನ ಎಡಗಡೆ ಹಸಿರು ದಾರದ ಗಂಟು ಸ್ಪಷ್ಟವಾಗಿ ಕಾಣುತ್ತದೆ. ನಾನು ಹೆಬ್ಬೆರಳು ಎತ್ತಿ ಹಲ್ಲು ಕಿರಿಯುತ್ತಿದ್ದೇನೆ.